ಬೆಂಚುಗಳ ಲೆಕ್ಕ

ಆರನೆಯ ದಿನ ಕರೆಂಟು ಹೋಯಿತು.
ಏಳನೆಯ ದಿನ ದಾರಿ ಎಂಬುದೇ ಹೋಯಿತು.
ಎಂಟನೆಯ ದಿನ ಹನ್ನೊಂದು ಮನೆಯವರೂ
ಮಾಕ್ವಾಲಾ ಅಜ್ಜಿಯ ಹಳೇ ಕಲ್ಲುಮನೆಗೆ ಬಂದು ಬಿದ್ದೆವು:
ಹಾಸಿಗೆ ಸುರುಳಿ, ಆಲೂಗಡ್ಡೆ ಚೀಲ,
ಬೆಳ್ಳುಳ್ಳಿ ಹಾಕಿ ಕುಟ್ಟಿದ ಉಪ್ಪಿನ ಡಬ್ಬಿ,
ಒಬ್ಬನ ಕೋಟಿನೊಳಗೆ ಬೆಚ್ಚಗೆ ಒಂದು ಕೋಳಿ.

ಕಾಕಸಸ್ಸಿನ ಈ ಸಂದಿಯಲ್ಲಿ ನಮ್ಮ ಹಿರಿಯರು
ದನಕ್ಕೂ ಜನಕ್ಕೂ ಒಂದೇ ಸೂರು ಕಟ್ಟಿದ್ದರು.
ಕೆಳಗೆ ಹಸು,
ಹಸುವಿನ ಉಸಿರಿನ ಮೇಲೆ ಹಲಗೆ,
ಹಲಗೆಯ ಮೇಲೆ ನಿದ್ದೆ.
ಪಟ್ಟಣ ನೋಡಿ ಬಂದ ನಾವು ನಾಚಿಕೊಂಡು
ಬೇರೆ ಮನೆ ಕಟ್ಟಿದೆವು; ತಗಡಿನ ಚಾವಣಿ, ದೊಡ್ಡ ದೊಡ್ಡ ಕಿಟಕಿ.
ಈಗ ಆ ಕಿಟಕಿಗಳೆಲ್ಲ ಹಿಮದ ಪಕ್ಷ ಸೇರಿದ್ದವು.

ಬಾಗಿಲಿಂದ ಒರತೆಗೆ ಒಂದು ಹಗ್ಗ, ಒರತೆಯಿಂದ ಶಾಲೆಗೆ ಇನ್ನೊಂದು.
ಹಗ್ಗ ಬಿಟ್ಟರೆ ಮುಗಿಯಿತು,
ನಿಮ್ಮ ಕೈಯೇ ನಿಮಗೆ ಕಾಣುವುದಿಲ್ಲ.

ಹನ್ನೆರಡನೆಯ ದಿನ ಸೌದೆ ಮುಗಿಯಿತು.
ಕಾಡು ಇತ್ತು, ಹೆಗಲೆತ್ತರದ ಹಿಮದಾಚೆ.
ಎಲ್ಲರೂ ನನ್ನತ್ತ ನೋಡಿದರು, ಯಾರೂ ಕೇಳಲಿಲ್ಲ.
ಕೇಳದೇ ಇರುವುದು
ಎಷ್ಟು ಜೋರಾಗಿ ಸದ್ದು ಮಾಡುತ್ತದೆ!
ನಾನು ಇಲ್ಲಿಯ ಮೇಷ್ಟ್ರು.
ನಾಲ್ಕು ಮಕ್ಕಳು, ಒಂಬತ್ತು ಬೆಂಚು.
ಕಿಸೆಯಿಂದ ಬೀಗದ ಕೈ ತೆಗೆದು ಒಲೆಯ ಕಟ್ಟೆಯ ಮೇಲಿಟ್ಟೆ.

ಬೆಂಚೆಂದರೆ ಬರೀ ಮರವೇ?
ಮೂರು ತಲೆಮಾರು ಮೊಳೆಯಿಂದ ಕೆತ್ತಿದ ಹೆಸರು,
ತಪ್ಪು ಕಾಗುಣಿತ, ಬಾಣ ನೆಟ್ಟ ಹೃದಯ,
ನನ್ನನ್ನೇ ಬೈದ ಒಂದು ಬೈಗುಳ (ಯಾರ ಕೈಬರಹವೆಂದು ಬಲ್ಲೆ).
‘ಹೆಸರು ಓದದೆ ಒಲೆಗೆ ಹಾಕಬೇಡಿ’ ಎಂದಳು ಮಾಕ್ವಾಲಾ.

ಹಾಗಾಗಿ ಓದಿದೆ, ಹಾಜರಿ ಪುಸ್ತಕ ಹಿಡಿದವನ ದನಿಯಲ್ಲೇ.
ತ್ಬಿಲಿಸಿಯಲ್ಲಿ ಟ್ಯಾಕ್ಸಿ ಓಡಿಸುವವನ ಹೆಸರು ಬಂದಾಗ
ಮೂಲೆಯಿಂದ ಅವನ ತಂಗಿ, ತಮಾಷೆಗೆ, ‘ಹಾಜರ್’ ಅಂದಳು.
ನಕ್ಕೆವು.
ಅಲ್ಲಿಂದ ಮುಂದೆ ತಮಾಷೆ ನಿಂತಿತು, ಹಾಜರಿ ನಿಲ್ಲಲಿಲ್ಲ.
ಇಟಲಿಯಲ್ಲಿ ಯಾರದೋ ತಾಯಿಯ ಕಾಲು ಒತ್ತುವವಳಿಗೆ
ಅವಳ ಗಂಡ ಹಾಜರ್.
ಹಿಮಪಾತದಡಿ ಹೋದ ಹುಡುಗನ ಹೆಸರಿಗೆ
ತುಸು ತಡವಾಯಿತು.
ಆಮೇಲೆ ಅವನವ್ವ, ಹಿಟ್ಟಿನಿಂದ ಕೈ ತೆಗೆಯದೆ,
‘ಹಾಜರ್.’

ಏಳನೆಯ ಬೆಂಚಿನ ನಡುವೆ ಒಂದು ಗೀಟು,
ಚಾಕುವಿನದು, ಬೆರಳಾಳ.
ಈಚೆ ಚಿಚಿಕೊ, ಆಚೆ ಮುರ್ಜಾಕಾನ್.
ಎಂಟು ವರ್ಷದವರಾಗಿದ್ದಾಗಲೇ ಗಡಿ ಹಾಕಿಕೊಂಡವರು,
ಐವತ್ತಕ್ಕೆ ಹುಲ್ಲುಗಾವಲಿನ ಒಂದು ಗಡಿಕಲ್ಲಿಗಾಗಿ ಮಾತು ಬಿಟ್ಟು
ಹತ್ತೊಂಬತ್ತು ವರ್ಷ.
ಇಲ್ಲಿಯೂ ಒಂದೇ ಹಸುವಿನ ಎರಡು ಮಗ್ಗುಲಿಗೆ
ಬೆನ್ನು ಕೊಟ್ಟು ಮಲಗುತ್ತಿದ್ದರು.

ಆ ಬೆಂಚು ಹಳೇ ಓಕ್, ಕೊಡಲಿಗೆ ಜಗ್ಗಲಿಲ್ಲ.
ಉದ್ದ ಗರಗಸ ತಂದರು.
ಅದಕ್ಕೆ ಹಿಡಿ ಎರಡು.
ಉಳಿದವರ ಕೈಯೆಲ್ಲ ಹಿಮ ಕಚ್ಚಿ ಬಟ್ಟೆ ಸುತ್ತಿಕೊಂಡಿತ್ತೋ,
ಸುತ್ತಿದಂತೆ ಮಾಡಿದರೋ, ನಾನು ವಿಚಾರಿಸಲಿಲ್ಲ.
‘ಎಳಿ’ ಎಂದ ಒಬ್ಬ.
‘ಬಿಡು’ ಎಂದ ಇನ್ನೊಬ್ಬ.
ಎಳಿ. ಬಿಡು.
ಇಷ್ಟೇ ಮಾತು, ಅರ್ಧ ಗಂಟೆ.
ಗರಗಸ ತಳ್ಳುವವನ ಕೈಯಲ್ಲಿ ಬಾಗಿಕೊಳ್ಳುತ್ತದೆ,
ಎಳೆಯುವವನಿಗೆ ಮಾತ್ರ ಬಗ್ಗುತ್ತದೆ.

ತುಂಡು ಬಿದ್ದಾಗ ನನ್ನ ಕನ್ನಡಕಕ್ಕೆ ಮಂಜು ಹಿಡಿದಿತ್ತು.
ಮುರ್ಜಾಕಾನನೇ ಎತ್ತಿ, ದೀಪದ ಹತ್ತಿರ ಹಿಡಿದು,
ಹಲ್ಲಿಲ್ಲದ ಬಾಯಲ್ಲಿ ಓದಿದ:
‘ಚಿಚಿಕೊ.’

ಹಸು ಮೆಲುಕು ಹಾಕುವುದು ಕೇಳಿಸುತ್ತಿತ್ತು.

‘ಇಲ್ಲೇ ಇದ್ದೀನಲ್ಲ,’ ಎಂದ ಚಿಚಿಕೊ,
ಸಿಡುಕಿನಿಂದಲೇ.

ಅಷ್ಟೆ. ಮರುದಿನ ಮತ್ತೆ ಹಸುವಿನ ಆ ಕಡೆ, ಈ ಕಡೆ.

ಹತ್ತೊಂಬತ್ತನೆಯ ದಿನ ಹಿಮ ಬಗೆಯುವ ಯಂತ್ರ ಬಂತು.
ಚಾಲಕ ಇಳಿದು, ಬಾಗಿಲಲ್ಲಿ ನಿಂತ ಪುಟ್ಟ ತಾಮ್ತಾಳನ್ನು
ಅಂಜುತ್ತ ಕೇಳಿದ: ‘ಎಷ್ಟು ಹೋದವು, ಮಗಳೇ?’
‘ಒಂಬತ್ತು’ ಎಂದಳು.
ಅವನು ಟೊಪ್ಪಿ ತೆಗೆದು ತಲೆ ತಗ್ಗಿಸಿದ.

ನಾವು ಕೂಡಲೇ ತಿದ್ದಲಿಲ್ಲ.